ಸಣ್ಣ ದೋಣಿಯಲ್ಲಿ ಕೂಡುವ ಹಲಗೆ ಎಲ್ಲಿರಬೇಕು?

ನಮ್ಮ ಇಂಗಳೇಶ್ವರ ಕೃಷ್ಣೆಯ ದಂಡೆಯ ಊರಲ್ಲ. ಆದರೆ ಬಾಗೇವಾಡಿಯಿಂದ ನಿಡಗುಂದಿ ಕಡೆ ಹೋದರೆ ಆಲಮಟ್ಟಿಯ ಹಿನ್ನೀರು ಸಿಗುತ್ತದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ಪೂರ್ತಿ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಆ ನೀರಿನಲ್ಲಿ ತೆಪ್ಪ ಮತ್ತು ಸಣ್ಣ ದೋಣಿಗಳಲ್ಲಿ ಮೀನು ಹಿಡಿದು ಬದುಕುವ ಕುಟುಂಬಗಳಿವೆ. 2024ರ ಜುಲೈನಲ್ಲಿ ಕೊಲ್ಹಾರ ತಾಲ್ಲೂಕಿನ ಬಳೂತಿ ಹತ್ತಿರ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಹಲವರು ಜೀವ ಕಳೆದುಕೊಂಡರು. ಸಣ್ಣ ದೋಣಿಯಲ್ಲಿ ಯಾರು ಎಲ್ಲಿ ಕೂಡಬೇಕು ಎಂಬುದು ಜೀವಕ್ಕೆ ಸಂಬಂಧಿಸಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ವಾಣಿಜ್ಯ ವಿಭಾಗದ ನಮಗೂ ಒಂದು ದಾರಿ ಗೊತ್ತಿದೆ.

ಸಂಖ್ಯಾಶಾಸ್ತ್ರದ ಲೆಕ್ಕವೇ ಸಾಕು

ದೋಣಿಯ ಎಲ್ಲ ತೂಕವೂ ಒಂದೇ ಬಿಂದುವಿನಲ್ಲಿ ಇದ್ದಂತೆ ವರ್ತಿಸುತ್ತದೆ. ವಿಜ್ಞಾನದವರು ಅದನ್ನು ಗುರುತ್ವ ಕೇಂದ್ರ ಎನ್ನುತ್ತಾರೆ. ಅದನ್ನು ಕಂಡುಹಿಡಿಯುವ ಸೂತ್ರ ನಾವು ತರಗತಿಯಲ್ಲಿ ಕಲಿಯುವ ವೇಟೆಡ್ ಆವರೇಜ್, ಅಂದರೆ ತೂಕದ ಸರಾಸರಿ. ಪ್ರತಿಯೊಂದು ತೂಕವನ್ನು ಅದರ ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ನಮ್ಮ ಮನೆಯ ಉರ್ದುವಿನಲ್ಲಿ ‘ಮೀಜಾನ್’ ಎಂದರೆ ತಕ್ಕಡಿ. ಲೆಕ್ಕದ ಕೊನೆಗೆ ಬರೆಯುವ ಒಟ್ಟು ಮೊತ್ತಕ್ಕೂ ಅದೇ ಹೆಸರು. ದೋಣಿಯಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ.

ಉದಾಹರಣೆಗೆ 4 ಮೀಟರ್ ಉದ್ದದ ದೋಣಿ ತೆಗೆದುಕೊಳ್ಳೋಣ. ಖಾಲಿ ದೋಣಿ 100 ಕೆ.ಜಿ. ಹುಟ್ಟು ಹಾಕುವವನು 60 ಕೆ.ಜಿ., ಬಲೆ ಬಿಡುವವನು 60 ಕೆ.ಜಿ., ಬಲೆ 30 ಕೆ.ಜಿ. ಒಟ್ಟು 250 ಕೆ.ಜಿ. ದೂರವನ್ನು ದೋಣಿಯ ಹಿಂದಿನ ತುದಿಯಿಂದ ಸೆಂಟಿಮೀಟರಿನಲ್ಲಿ ಅಳೆಯೋಣ. ಖಾಲಿ ದೋಣಿಯ ತೂಕ ನಡುಮಧ್ಯೆ, 200ರಲ್ಲಿ ಇದೆ ಎಂದುಕೊಳ್ಳೋಣ.

ಮೊದಲನೆಯ ಜೋಡಣೆ: ಹುಟ್ಟು ಹಾಕುವವನು ನಡುವೆ, 200ರಲ್ಲಿ. ಬಲೆ ಬಿಡುವವನು ಹಿಂದಿನ ತುದಿಯ ಹತ್ತಿರ, 60ರಲ್ಲಿ. ಬಲೆ 80ರಲ್ಲಿ.
20,000 + 12,000 + 3,600 + 2,400 = 38,000
38,000 ÷ 250 = 152

ತೂಕ ನಡುವಿನಿಂದ 48 ಸೆಂ.ಮೀ. ಹಿಂದೆ ಬಿತ್ತು. ಹಿಂಭಾಗ ಮುಳುಗಿ ಮುಂಭಾಗ ಎದ್ದು ನಿಲ್ಲುತ್ತದೆ. ಹಿಂದಿನ ಅಂಚಿನ ಮೇಲಿಂದ ಅಲೆ ಸುಲಭವಾಗಿ ಒಳಗೆ ಬರುತ್ತದೆ. ಎದ್ದ ಮುಂಭಾಗವನ್ನು ಗಾಳಿ ತನಗೆ ಬೇಕಾದ ಕಡೆ ತಿರುಗಿಸುತ್ತದೆ.

ಎರಡನೆಯ ಜೋಡಣೆ: ಹುಟ್ಟು ಹಾಕುವವನ ಹಲಗೆ 260ರಲ್ಲಿ, ಬಲೆಯವನ ಹಲಗೆ 130ರಲ್ಲಿ, ಬಲೆ 120ರಲ್ಲಿ.
20,000 + 15,600 + 7,800 + 3,600 = 47,000
47,000 ÷ 250 = 188

ಈಗ ತೂಕ ನಡುವಿನಿಂದ 12 ಸೆಂ.ಮೀ. ಮಾತ್ರ ಹಿಂದಿದೆ. ಹಿಂಭಾಗ ಸ್ವಲ್ಪ ಭಾರವಿದ್ದರೆ ದೋಣಿ ನೇರವಾಗಿ ಸಾಗುತ್ತದೆ, ಆದ್ದರಿಂದ ಇದು ಒಳ್ಳೆಯ ಜೋಡಣೆ. ಹುಟ್ಟು ಹಾಕುವವನಿಗೂ ಅನುಕೂಲ. ನಡುವೆ ದೋಣಿ ಹೆಚ್ಚು ಅಗಲವಿರುವುದರಿಂದ ನೀರು ಮುಟ್ಟಲು ಅಂಚಿನ ಕಡೆ ಬಾಗಬೇಕು. ಸ್ವಲ್ಪ ಮುಂದೆ ಅಗಲ ಕಡಿಮೆಯಾಗುವುದರಿಂದ ಕೂತಲ್ಲಿಂದಲೇ ಹುಟ್ಟು ನೀರಿಗೆ ಸಿಗುತ್ತದೆ.

ಮೀನು ಬಂದ ಮೇಲೆ

ಖಾಲಿ ಹೋದ ದೋಣಿ ತುಂಬಿ ಬರುತ್ತದೆ. 40 ಕೆ.ಜಿ. ಮೀನು ಸಿಕ್ಕಿತು ಎನ್ನೋಣ. ಅದನ್ನು ಬಲೆಯವನ ಕಾಲ ಬುಡದಲ್ಲೇ, 130ರಲ್ಲಿ ಸುರಿದರೆ ಸರಾಸರಿ 180ಕ್ಕೆ ಇಳಿಯುತ್ತದೆ. ಅದೇ ಮೀನನ್ನು ಬುಟ್ಟಿಗೆ ತುಂಬಿ 260ರಲ್ಲಿ ಇಟ್ಟರೆ ಸರಾಸರಿ 198 ಆಗುತ್ತದೆ, ಅಂದರೆ ಹೆಚ್ಚುಕಡಿಮೆ ನಡುಮಧ್ಯ. ಹಾಗಾಗಿ ಹಲಗೆ ಹಾಕುವಾಗಲೇ ಬುಟ್ಟಿಗೆ ಜಾಗ ಬಿಡಬೇಕು. ಬುಟ್ಟಿ ಇಲ್ಲದೆ ಮೀನನ್ನು ತಳದಲ್ಲಿ ಹರಡಬಾರದು. ದೋಣಿ ವಾಲಿದರೆ ಮೀನೂ ನೀರೂ ವಾಲಿದ ಕಡೆಗೇ ಜಾರಿ ಇನ್ನಷ್ಟು ವಾಲಿಸುತ್ತವೆ. ನಿಂತ ನೀರನ್ನು ಆಗಾಗ ಎತ್ತಿ ಹೊರಗೆ ಚೆಲ್ಲಬೇಕು.

ಉದ್ದಕ್ಕಿಂತ ಎತ್ತರ ಮುಖ್ಯ

ದೋಣಿ ಮಗುಚುವುದು ಹೆಚ್ಚಾಗಿ ಪಕ್ಕಕ್ಕೆ. ಆಗ ತೂಕ ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಅದೇ ಸೂತ್ರವನ್ನು ತಳದಿಂದ ಮೇಲಕ್ಕೆ ಹಾಕಿ ನೋಡೋಣ. ದೋಣಿಯ ತೂಕ 25 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ಮನುಷ್ಯನ ತೂಕ ಅಂದಾಜಿಗೆ ತಳದಲ್ಲಿ ಕೂತರೆ 25, ಹಲಗೆಯ ಮೇಲೆ ಕೂತರೆ 60, ನಿಂತರೆ 95 ಸೆಂ.ಮೀ. ಎತ್ತರದಲ್ಲಿರುತ್ತದೆ. ಬಲೆ, ಮೀನು ಬಿಟ್ಟು ದೋಣಿ ಮತ್ತು ಇಬ್ಬರ ಲೆಕ್ಕ ಹೀಗಿದೆ:

ಇಬ್ಬರೂ ತಳದಲ್ಲಿ: 25 ಸೆಂ.ಮೀ.
ಇಬ್ಬರೂ ಹಲಗೆಯ ಮೇಲೆ: 44 ಸೆಂ.ಮೀ.
ಒಬ್ಬ ಕೂತು, ಒಬ್ಬ ನಿಂತರೆ: ಸುಮಾರು 54 ಸೆಂ.ಮೀ.
ಇಬ್ಬರೂ ನಿಂತರೆ: 63 ಸೆಂ.ಮೀ.

ಹಲಗೆಯನ್ನು ಒಂದು ಗೇಣು ತಗ್ಗಿಸಿದರೂ ಲಾಭವಿದೆ. ತೆಪ್ಪದಲ್ಲಿ ಹಲಗೆ ಹಾಕದೆ ತಳದಲ್ಲೇ ಕೂಡುವುದರ ಗುಣವೂ ಇದೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂಥ, ಚರ್ಮ ಹೊದಿಸಿದ ದುಂಡನೆಯ ದೋಣಿಗಳ ಬಗ್ಗೆ ಬರೆದಿದ್ದಾನೆ. ಹುಟ್ಟು ಹಾಕಿದರೂ ಅವು ತಿರುಗುತ್ತಲೇ ಸಾಗುತ್ತಿದ್ದವಂತೆ. ದುಂಡನೆಯ ತೆಪ್ಪಕ್ಕೆ ಹಿಂದು ಮುಂದು ಇಲ್ಲ. ಒಬ್ಬ ಒಂದು ಅಂಚಿನಲ್ಲಿ ಹುಟ್ಟು ಹಾಕಿದರೆ ಜೊತೆಗಾರ ಎದುರು ಅಂಚಿನ ಕಡೆ ಕೂಡಬೇಕು, ಬಲೆ ನಡುವೆ ಇರಬೇಕು. ಇಬ್ಬರೂ ಒಂದೇ ಕಡೆ ಬಾಗಿ ಬಲೆ ಎಳೆಯುವುದು ಅಪಾಯ.

ಮೂರನೆಯ ಹಲಗೆ

ಇಲ್ಲಿ ಸರಾಸರಿ ನಮಗೆ ಮೋಸ ಮಾಡಬಹುದು. ಎರಡನೆಯ ಜೋಡಣೆಯಲ್ಲಿ 50 ಕೆ.ಜಿ.ಯ ಮೂರನೆಯವನನ್ನು ನಡುವೆ, 200ರಲ್ಲಿ ಕೂಡಿಸಿದರೆ ಸರಾಸರಿ 190 ಬರುತ್ತದೆ. ಮೊದಲಿಗಿಂತ ಚೆಂದದ ಅಂಕಿ! ಆದರೆ ಒಟ್ಟು ತೂಕ 300 ಆಯಿತು, ಅಂಚು ನೀರಿಗೆ ಹತ್ತಿರವಾಯಿತು, ಎತ್ತರದ ಸರಾಸರಿ ಏರಿತು, ಮೀನಿನ ಬುಟ್ಟಿಗೆ ಜಾಗ ಕಡಿಮೆಯಾಯಿತು. ಸರಾಸರಿ ಸರಿಯಿದ್ದ ಮಾತ್ರಕ್ಕೆ ಮೊತ್ತ ಸರಿಯಿದೆ ಎಂದಲ್ಲ. ಜೊತೆಗೆ, ಹಲಗೆ ಕಂಡಲ್ಲಿ ಜನ ಕೂಡುತ್ತಾರೆ. ಇಬ್ಬರ ದೋಣಿಗೆ ಎರಡೇ ಹಲಗೆ ಇರಬೇಕು.

ದೋಣಿಯ ಎರಡು ಪಕ್ಕಗಳು ಒಳಕ್ಕೆ ಕುಸಿಯದಂತೆ ಹಿಡಿಯಲು ಇನ್ನೊಂದು ಅಡ್ಡಪಟ್ಟಿ ಬೇಕಾದರೆ ಅದನ್ನು ಕೂಡಲಾಗದಷ್ಟು ಕಿರಿದಾಗಿ ಮಾಡಬಹುದು. ಫೈಬರ್ ದೋಣಿಯಾದರೆ ಹಲಗೆಯ ಕೆಳಗಿನ ಜಾಗವನ್ನು ನೀರು ಹೋಗದಂತೆ ಮುಚ್ಚಿ ಒಳಗೆ ಫೋಮ್ ತುಂಬಿಸಬೇಕು. ಆಗ ದೋಣಿಯಲ್ಲಿ ನೀರು ತುಂಬಿದರೂ ಅದು ತಳ ಸೇರದೆ, ಹಿಡಿದುಕೊಳ್ಳಲು ಆಸರೆಯಾಗುತ್ತದೆ.

ನೀವೂ ಮಾಡಿ ನೋಡಿ

ನೀರಿನ ತೊಟ್ಟಿಯಲ್ಲಿ ಒಂದು ಪರಾತ ತೇಲಿಬಿಡಿ. ತೂಕದ ಕಲ್ಲನ್ನು ನಡುವೆ ಇಡಿ, ಆಮೇಲೆ ಅಂಚಿಗೆ ಸರಿಸಿ. ನಂತರ ಅದೇ ಕಲ್ಲನ್ನು ಒಂದು ಲೋಟದ ಮೇಲೆ ಎತ್ತರಿಸಿ ನಡುವೆ ಇಟ್ಟು ಪರಾತವನ್ನು ಮೆಲ್ಲಗೆ ಅಲುಗಿಸಿ. ಸೂತ್ರ ಕಣ್ಣಿಗೇ ಕಾಣುತ್ತದೆ.

ಹಿನ್ನೀರಿನ ಕಡೆ ಬಂಧುಬಳಗ ಇರುವ ಗೆಳೆಯರು ಅವರಿಗೆ ಇಷ್ಟು ಹೇಳಿ: ಹಲಗೆ ತಗ್ಗಿನಲ್ಲಿರಲಿ, ತೂಕ ನಡುವಿಗೆ ಹತ್ತಿರವಿರಲಿ, ಬುಟ್ಟಿಗೆ ಜಾಗವಿರಲಿ, ನೀರಿನ ಮೇಲೆ ಎದ್ದು ನಿಂತು ಜಾಗ ಬದಲಿಸುವುದು ಬೇಡ, ಲೈಫ್ ಜಾಕೆಟ್ ಮೈಮೇಲಿರಲಿ. ಲೆಕ್ಕವನ್ನು ದಂಡೆಯಲ್ಲೇ ಮುಗಿಸಿಕೊಂಡು ದೋಣಿ ಹತ್ತಬೇಕು.