ಒಗ್ಗದ ಆಹಾರವನ್ನು ಗುರುತಿಸುವ ಬಗೆ

ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಿ ಊಟಕ್ಕೆ ಕುಳಿತವರ ಎಲೆಯನ್ನು ಒಮ್ಮೆ ನೆನೆಯಿರಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಕಡಲೆಹಿಟ್ಟಿನ ಝುಣಕ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆ, ಮೊಸರು. ಉಂಡ ಅರ್ಧ ಗಂಟೆಯೊಳಗೆ ಅವರಲ್ಲೊಬ್ಬ ಹುಡುಗಿಯ ತುಟಿ ಬಾತು, ಮೈಮೇಲೆಲ್ಲ ಕೆಂಪು ಗಂದೆಗಳು ಎದ್ದುವೆಂದು ಭಾವಿಸೋಣ. ‘ಪಿತ್ತ ಎದ್ದಿದೆ’ ಎಂದು ಒಬ್ಬರು, ‘ಬದನೆ ನಂಜು’ ಎಂದು ಇನ್ನೊಬ್ಬರು ಹೇಳುವರು. ಇಷ್ಟು ಪದಾರ್ಥಗಳಲ್ಲಿ ಅಪರಾಧಿ ಯಾವುದು? ಇಲ್ಲಿ ತಪ್ಪು ಉತ್ತರಕ್ಕೆ ಎರಡು ಬಗೆಯ ದಂಡ ಉಂಟು. ನಿಜವಾದ ಅಪರಾಧಿ ತಪ್ಪಿಸಿಕೊಂಡರೆ ಮುಂದಿನ ಸಲ ಪ್ರಾಣಕ್ಕೇ ಅಪಾಯ ಒದಗಬಹುದು. ನಿರಪರಾಧಿಗಳಾದ ಬೇಳೆ, ಹಾಲು, ಶೇಂಗಾಗಳಿಗೆ ಬಹಿಷ್ಕಾರ ಹಾಕಿದರೆ ಬೆಳೆಯುವ ಮೈಗೆ ಬೇಕಾದ ಪ್ರೋಟೀನು ಎಲ್ಲಿಂದ ಬರಬೇಕು?

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಕನ್ನಡದಲ್ಲಿ ಇದನ್ನು ಒಗ್ಗದಿಕೆ ಎನ್ನುವುದುಂಟು. ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾವ್ಯವಸ್ಥೆ ನಿರುಪದ್ರವಿಯಾದ ಆಹಾರದ ಪ್ರೋಟೀನನ್ನು ಶತ್ರುವೆಂದು ಭ್ರಮಿಸುವುದೇ ಇದರ ಮೂಲ. ಆ ಭ್ರಮೆಗೆ ಕಾರಣವಾದ ವಸ್ತು ರಕ್ತದಲ್ಲಿದೆ ಎಂಬುದನ್ನು 1921ರಲ್ಲಿ ಜರ್ಮನಿಯ ಪ್ರೌಸ್‌ನಿಟ್ಸ್ ಮತ್ತು ಕುಸ್ಟ್ನರ್ ವಿಚಿತ್ರವಾದ ಪ್ರಯೋಗವೊಂದರಿಂದ ತೋರಿಸಿದರು. ಕುಸ್ಟ್ನರನಿಗೆ ಮೀನು ಆಗುತ್ತಿರಲಿಲ್ಲ. ಪ್ರೌಸ್‌ನಿಟ್ಸನಿಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಕುಸ್ಟ್ನರನ ರಕ್ತದ ಸೀರಮನ್ನು ಪ್ರೌಸ್‌ನಿಟ್ಸ್ ತನ್ನ ಚರ್ಮದೊಳಕ್ಕೆ ಚುಚ್ಚಿಸಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡಾಗ ಅಲ್ಲಿ ದದ್ದು ಎದ್ದಿತು! (ರಕ್ತದ ಮೂಲಕ ರೋಗಗಳು ಹರಡುವ ಭಯದಿಂದ ಇಂತಹ ಪರೀಕ್ಷೆಯನ್ನು ಈಗ ಯಾರೂ ಮಾಡುವುದಿಲ್ಲ.) ಆ ವಸ್ತು ‘ಐಜಿಇ’ ಎಂಬ ಪ್ರತಿಕಾಯವೆಂದು ತಿಳಿದದ್ದು 1960ರ ದಶಕದ ಉತ್ತರಾರ್ಧದಲ್ಲಿ. ಇದು ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡಿರುತ್ತದೆ. ಒಗ್ಗದ ಪ್ರೋಟೀನು ಬಂದು ತಾಕಿದೊಡನೆ ಕೋಶಗಳು ಹಿಸ್ಟಮೀನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುವುವು. ಗಂದೆ, ಬಾವು, ವಾಂತಿ, ಉಬ್ಬಸಗಳು ಅದರ ಪರಿಣಾಮ.

ಆದರೆ ಮೈಗೆ ಆಗದುದೆಲ್ಲ ಅಲರ್ಜಿಯಲ್ಲ. ಕಡಲೆಯ ಹೊಲದಲ್ಲಿ ದುಡಿಯುವವರ ಕೈಕಾಲು ಉರಿಯುವುದನ್ನು ಆ ಸೀಮೆಯವರೆಲ್ಲ ಬಲ್ಲರು. ಅದು ಗಿಡದ ಎಲೆಗಳು ಸೂಸುವ ಹುಳಿಯ ಕೆಲಸ. ಅದರಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ. ಯಾರ ಚರ್ಮಕ್ಕೆ ತಾಕಿದರೂ ಅದು ಚುರುಗುಟ್ಟಿಸೀತು. ಕುಂದಗೋಳದ ಮನೆಗಳಲ್ಲಿ ಮೆಣಸಿನಕಾಯಿ ಕುಟ್ಟುವಾಗ ಬರುವ ಸೀನು ಕೆಮ್ಮುಗಳೂ ಖಾರದ ಘಾಟಿನಿಂದಲೇ ಹೊರತು ಪ್ರತಿಕಾಯಗಳಿಂದಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗಿ, ಮಜ್ಜಿಗೆ ಮಾತ್ರ ಸಲೀಸಾಗಿ ಇಳಿಯುವುದಾದರೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಕಡಮೆಯಿದೆಯೆಂದು ಸಂಶಯಿಸಬೇಕು. ಇದು ಕಿರುಕುಳವೇ ಹೊರತು ಪ್ರಾಣಾಪಾಯವಲ್ಲ. ನಿಜವಾದ ಹಾಲಿನ ಅಲರ್ಜಿಯಾದರೋ ಒಂದು ಗುಟುಕಿನಿಂದಲೂ ಕೆರಳಬಲ್ಲುದು.

ಹಾಗಾದರೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಯಾವುದು? ಎರಡಾಣೆಯ ಖರ್ಚೂ ಇಲ್ಲದ ಒಂದು ನೋಟುಪುಸ್ತಕ. ಏನನ್ನು ಎಷ್ಟು ತಿಂದೆವು, ಯಾವ ಹೊತ್ತಿಗೆ, ತೊಂದರೆ ಎಷ್ಟು ನಿಮಿಷಗಳ ಮೇಲೆ ಆರಂಭವಾಯಿತು, ಅದಕ್ಕೆ ಮುಂಚೆ ಯಾವುದಾದರೂ ಔಷಧಿ ಸೇವಿಸಿದ್ದೆವೇ, ಓಡಾಟ ದುಡಿಮೆ ಹೆಚ್ಚಾಗಿತ್ತೇ, ಜೇನು ಅಥವಾ ಕಣಜ ಕಚ್ಚಿತ್ತೇ ಎಂಬುದನ್ನೆಲ್ಲ ಅದೇ ದಿನ ಬರೆದಿಡಬೇಕು. ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಆಕೆ ಹಿಂದಿನ ವಾರವೇ ಎರಡು ದಿನ ಬದನೆಯನ್ನೂ ದಿನವೂ ಶೇಂಗಾ ಚಟ್ನಿಯನ್ನೂ ತಿಂದು ಸುಖವಾಗಿದ್ದಳೆಂದು ಪುಸ್ತಕ ಹೇಳಿದರೆ, ಆ ಎರಡರ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಯಿತು. ಆಹಾರದ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುವುದು, ತಿಂದಾಗಲೆಲ್ಲ ಮರುಕಳಿಸುವುದು. ಮೂರು ದಿನ ತಡೆದು ಬಂದ ತುರಿಕೆಗೆ ಬೇರೆ ಕಾರಣ ಹುಡುಕುವುದು ಲೇಸು.

ಸಂಶಯಕ್ಕೊಳಗಾದ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಬಿಟ್ಟು, ಮತ್ತೆ ತಿಂದು ನೋಡುವ ಕ್ರಮವೂ ಉಂಟು. ಹೊಟ್ಟೆಯುಬ್ಬರದಂತಹ ಸೌಮ್ಯ ತೊಂದರೆಗಳಲ್ಲಿ ಮಾತ್ರ, ಅದೂ ವೈದ್ಯರೊಡನೆ ಮಾತಾಡಿಕೊಂಡೇ, ಇದನ್ನು ಮಾಡತಕ್ಕದ್ದು. ತುಟಿ ನಾಲಿಗೆ ಬಾತಿದ್ದರೆ, ಉಸಿರು ಕಟ್ಟಿದ್ದರೆ, ಕಣ್ಣು ಕತ್ತಲೆ ಬಂದಿದ್ದರೆ ‘ಚೂರು ತಿಂದು ನೋಡೋಣ’ ಎಂಬ ಸಾಹಸವನ್ನು ಮನೆಯಲ್ಲಿ ಎಂದೂ ಮಾಡಬಾರದು. ನವಲಗುಂದದಿಂದ ಹುಬ್ಬಳ್ಳಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಗಂಟಲು ಬಾತವನಿಗೆ ಅಷ್ಟು ಹೊತ್ತು ಇರಲಾರದು. ಅಂತಹ ಸಮಯದಲ್ಲಿ ಪ್ರಾಣ ಉಳಿಸುವ ಮದ್ದು ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ತುರಿಕೆಯ ಗುಳಿಗೆ ಅದರ ಸ್ಥಾನವನ್ನು ತುಂಬಲಾರದು. 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯುವುದರಲ್ಲಿ ತಡಮಾಡಬಾರದು.

ವೈದ್ಯರ ಬಳಿ ಮೊದಲು ನಡೆಯುವುದು ಚರ್ಮದ ಪರೀಕ್ಷೆ. ಮುಂಗೈಯ ಮೇಲೆ ಆಹಾರದ ಸಾರದ ಹನಿಯಿಟ್ಟು, ಅದರ ಮೂಲಕ ಮೊನೆಯಿಂದ ಚರ್ಮವನ್ನು ಮೆಲ್ಲಗೆ ಚುಚ್ಚುವರು. ಪಕ್ಕದಲ್ಲೇ ಉಪ್ಪುನೀರಿನದೊಂದು, ಹಿಸ್ಟಮೀನಿನದೊಂದು ಹನಿಯಿರುತ್ತದೆ. ಉಪ್ಪುನೀರಿಗೆ ಏನೂ ಏಳಬಾರದು, ಹಿಸ್ಟಮೀನಿಗೆ ಏಳಲೇಬೇಕು. ಇಲ್ಲವಾದರೆ ಪರೀಕ್ಷೆಯನ್ನೇ ನಂಬುವಂತಿಲ್ಲ. ಹದಿನೈದು ಇಪ್ಪತ್ತು ನಿಮಿಷಗಳ ಮೇಲೆ, ಆಹಾರದ ಹನಿಯ ಕೆಳಗೆ ಉಪ್ಪುನೀರಿನದಕ್ಕಿಂತ 3 ಮಿಲಿಮೀಟರಿನಷ್ಟಾದರೂ ದೊಡ್ಡ ಗಂದೆ ಎದ್ದಿದ್ದರೆ ಆ ವಸ್ತುವಿಗೆ ಪ್ರತಿಕಾಯ ಇದೆಯೆಂದು ಅರ್ಥ. ತುರಿಕೆಯ ಗುಳಿಗೆಗಳು ಗಂದೆಯನ್ನು ಅಡಗಿಸುವುದರಿಂದ ಅವನ್ನು ವೈದ್ಯರು ಹೇಳಿದಷ್ಟು ದಿನ ಮೊದಲೇ ನಿಲ್ಲಿಸಬೇಕು. ಅದು ಸಾಧ್ಯವಾಗದವರಿಗೆ ರಕ್ತದಲ್ಲಿನ ಐಜಿಇಯನ್ನು ಅಳೆಯುವ ಪರೀಕ್ಷೆಯಿದೆ.

ಹೆಚ್ಚಿನ ಜನ ಎಡವುವುದು ಇಲ್ಲಿಯೇ. ಪ್ರತಿಕಾಯವಿದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಬೆಂಗಳೂರು ಮೈಸೂರುಗಳ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ 24 ಆಹಾರಗಳಲ್ಲಿ ಒಂದಕ್ಕಾದರೂ ಪ್ರತಿಕಾಯ ಹೊಂದಿದವರು ಶೇಕಡ 26.5, ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಶೇಕಡ 1.2 ಮಾತ್ರ! ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಪಥ್ಯ ಹಿಡಿದಿದ್ದರೆ ಎಷ್ಟು ಮನೆಗಳ ಅಡುಗೆ ವ್ಯರ್ಥವಾಗಿ ಬಡವಾಗುತ್ತಿತ್ತೋ ಲೆಕ್ಕಹಾಕಿರಿ.

ಬದನೆಯ ಕಥೆಯೂ ಇದೇ. ಡಾ. ಪಿ. ಎ. ಮಹೇಶ್ ಮತ್ತು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ. ಪಿ. ವೆಂಕಟೇಶ್ ಮೊದಲಾದವರು 741 ಜನರನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ಹೇಳಿಕೆಯಿಂದಲೋ ಚರ್ಮದ ಪರೀಕ್ಷೆಯಿಂದಲೋ ಬದನೆ ಆಗದವರೆಂದು ಕಂಡವರು ನೂರಕ್ಕೆ ಸುಮಾರು 9. ಪ್ರತಿಕಾಯದಿಂದಲೇ ಉಂಟಾದ ಅಲರ್ಜಿ ನೂರಕ್ಕೆ ಒಬ್ಬರಿಗೂ ಇರಲಿಲ್ಲ. ಬದನೆಯಲ್ಲಿ ಸ್ವತಃ ಹಿಸ್ಟಮೀನ್ ಇರುವುದರಿಂದ ಅದರ ಸಾರ ಪ್ರತಿಕಾಯದ ನೆರವಿಲ್ಲದೆಯೂ ಚರ್ಮವನ್ನು ಕೆರಳಿಸಬಲ್ಲುದು. ಬದನೆ ನಂಜೆನ್ನುವ ಹಿರಿಯರು ಪೂರ್ತಿ ತಪ್ಪು ಹೇಳಲಿಲ್ಲ. ಕಾರಣ ಮಾತ್ರ ಬೇರೆ.

ಇದಕ್ಕೆ ಪ್ರತಿಯಾಗಿ ಕಡಲೆಯ ಮೇಲೆ ಯಾರಿಗೂ ಸಂಶಯ ಹುಟ್ಟುವುದಿಲ್ಲ. 1978ರಲ್ಲಿ ಬಿಡುಗಡೆಯಾದ ‘ಅಣ್ಣಿಗೇರಿ-1’ ತಳಿಯಿಂದ ದೇಶದಲ್ಲೆಲ್ಲ ಹೆಸರಾದ ಊರಿನಲ್ಲಿ ಅದನ್ನು ಸಂಶಯಿಸುವವರಾರು? ಆದರೆ 2001ರಲ್ಲಿ ಮುಂಬಯಿಯ ವೈದ್ಯರು ಕಡಲೆಯನ್ನು ಭಾರತ ಉಪಖಂಡದ ಮುಖ್ಯ ಅಲರ್ಜಿಕಾರಕಗಳಲ್ಲಿ ಒಂದೆಂದು ವರದಿ ಮಾಡಿದ್ದಾರೆ. ಪಾಶ್ಚಾತ್ಯರ ಪ್ರಸಿದ್ಧ ಪಟ್ಟಿಗಳಲ್ಲಿ ಶೇಂಗಾ, ಸೋಯಾ ಇವೆ, ಕಡಲೆ ಇಲ್ಲ. ಆದುದರಿಂದ ಝುಣಕ, ಭಜಿ, ಸುಲಗಾಯಿಗಳ ಹೆಸರನ್ನು ವೈದ್ಯರಿಗೆ ನಾವೇ ಹೇಳಬೇಕು.

ಕೊನೆಯ ತೀರ್ಪು ಕೊಡುವುದು ಉಣಿಸಿ ನೋಡುವ ಪರೀಕ್ಷೆ. ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ಸಂಶಯಿತ ಆಹಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ನಡುವೆ ಕಾದು ನೋಡುತ್ತ, ಹಂತಹಂತವಾಗಿ ಹೆಚ್ಚಿಸುವರು. ಮನಸ್ಸಿನ ಅಳುಕು ಫಲಿತಾಂಶವನ್ನು ಕೆಡಿಸದಂತೆ, ಯಾವ ತುತ್ತಿನಲ್ಲಿ ಆ ಪದಾರ್ಥ ಅಡಗಿದೆಯೆಂಬುದು ಉಣ್ಣುವವನಿಗೂ ಉಣಿಸುವವನಿಗೂ ತಿಳಿಯದ ಹಾಗೆ ಏರ್ಪಾಡು ಮಾಡುವುದೂ ಉಂಟು. ಹಣ ತೆತ್ತು ಅಂಚೆಯಲ್ಲಿ ತರಿಸುವ ಪರೀಕ್ಷೆಗಳಲ್ಲಿ ಹಲವು ‘ಐಜಿಜಿ’ ಎಂಬ ಬೇರೆ ಪ್ರತಿಕಾಯವನ್ನು ಅಳೆಯುತ್ತವೆ. ಅದು ಆ ಆಹಾರವನ್ನು ನಾವು ತಿಂದಿದ್ದೇವೆಂಬುದನ್ನಷ್ಟೇ ತೋರಿಸುವುದು. ಕೂದಲಿನ ಪರೀಕ್ಷೆಯಂತೂ ಅದನ್ನೂ ತೋರಿಸದು.

ಭಯದಿಂದ ಮುಂಚಿತವಾಗಿಯೇ ವರ್ಜಿಸುವುದರಲ್ಲೂ ಕೇಡುಂಟು. ಲಂಡನ್ನಿನಲ್ಲಿ ಅಲರ್ಜಿಯ ಸಂಭವ ಹೆಚ್ಚಾಗಿದ್ದ 640 ಹಸುಗೂಸುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶೇಂಗಾವನ್ನು ಎಳವೆಯಿಂದಲೇ ಮೆತ್ತಗೆ ಮಾಡಿ ತಿನ್ನಿಸಿದ ಮಕ್ಕಳಿಗಿಂತ ದೂರವಿಟ್ಟ ಮಕ್ಕಳಲ್ಲೇ ಶೇಂಗಾ ಅಲರ್ಜಿ ಬಹಳ ಹೆಚ್ಚಾಗಿ ಕಂಡುಬಂದಿತು. ಇನ್ನು ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆದಂತೆ ತಾನಾಗಿ ಕಳೆಯುತ್ತದೆ. ಆದುದರಿಂದಲೇ ಹಾಲು ಬಿಡಿಸಿದ ಮಗುವನ್ನು ವೈದ್ಯರು ಕಾಲಕಾಲಕ್ಕೆ ಕರೆಸಿ, ಮತ್ತೆ ಹಾಲು ಕೊಡಬಹುದೇ ಎಂದು ಪರೀಕ್ಷಿಸುತ್ತಾರೆ.