ಉಪ್ಪಳದ ಜಾಗದ ರೇಟು: ಆಧಾರ ಬರೆಯುವವನ ಲೆಕ್ಕ

"ಈ ರೇಟು ಹೀಗೇ ಇರ್ತದಾ, ಅಲ್ಲ ಒಂದು ದಿನ ದಡಕ್ಕನೆ ಬೀಳ್ತದಾ?" ಉಪ್ಪಳದಲ್ಲಿ ಆಧಾರ ಬರೆಯುವ ನನ್ನ ಮುಂದೆ ಕೂತವರೆಲ್ಲ, ಕೊಳ್ಳುವವರೂ ಮಾರುವವರೂ, ಕೇಳುವ ಪ್ರಶ್ನೆ ಇದು. ಕ್ರಯಪತ್ರಕ್ಕೆ ನಾವಿಲ್ಲಿ ಆಧಾರ ಎನ್ನುತ್ತೇವೆ. ಗುರುತಿನ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಬ್ರೋಕರ್ ಮಾತ್ರ ಈ ಪ್ರಶ್ನೆ ಕೇಳುವುದಿಲ್ಲ. ಅವನ ಪ್ರಕಾರ ರೇಟಿಗೆ ಏರುವುದು ಬಿಟ್ಟು ಬೇರೆ ಕೆಲಸವೇ ಇಲ್ಲ.

ಉಪ್ಪಳವನ್ನು ನೋಡದವರಿಗೆ ಒಂದು ಮಾತು. ಇದು ನಗರಸಭೆಯಲ್ಲ, ಕೇರಳದ ಕಾಸರಗೋಡು ಜಿಲ್ಲೆಯ ಮಂಗಲ್ಪಾಡಿ ಗ್ರಾಮ ಪಂಚಾಯತಿಗೆ ಸೇರಿದ ಪೇಟೆ. ದೊಡ್ಡ ಕಾರ್ಖಾನೆ ಇಲ್ಲ, ಕಂಪ್ಯೂಟರ್ ಕಂಪನಿ ಇಲ್ಲ. ಆದರೂ ಕೈಕಂಬದಿಂದ ಬಂದ್ಯೋಡಿನ ಕಡೆಗೆ ಹೋಗುವಾಗ ಎರಡೂ ಬದಿ ಫ್ಲ್ಯಾಟುಗಳು. ತುಳು, ಮಲಯಾಳ, ಕನ್ನಡ, ಉರ್ದು, ಕೊಂಕಣಿ ಮಾತಾಡುವವರೆಲ್ಲ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಈ ಕಟ್ಟಡಗಳನ್ನು ಎಬ್ಬಿಸಿದ ಹಣ ಮೊದಲು ಬೊಂಬಾಯಿಯಿಂದ ಬಂತು, ಆಮೇಲೆ ದುಬೈ, ಕತಾರ್, ಸೌದಿಗಳಿಂದ. ಊರಿನ ಗಳಿಕೆಯಲ್ಲಿ ಊರಿನ ಜಾಗ ಕೊಳ್ಳುವವರು ಬಹಳ ಕಡಿಮೆ. ಹಾಗಾಗಿ ಇಲ್ಲಿನ ರೇಟು ಏರುವುದೋ ಇಳಿಯುವುದೋ ತಿಳಿಯಬೇಕಾದರೆ ಉಪ್ಪಳವನ್ನು ನೋಡಿ ಪ್ರಯೋಜನವಿಲ್ಲ, ಹಣ ಬರುವ ಊರುಗಳನ್ನು ನೋಡಬೇಕು. ಇದು ನನಗೆ ಸರಿಯಾಗಿ ಗೊತ್ತಾದದ್ದು 2008ರಲ್ಲಿ.

ಅದಕ್ಕೆ ಮೊದಲಿನ ಎರಡು ವರ್ಷ ಆಧಾರಕ್ಕಿಂತ ಕರಾರು ಬರೆದದ್ದೇ ಹೆಚ್ಚು. ಒಬ್ಬರು ಜಾಗಕ್ಕೆ ಸ್ವಲ್ಪ ಅಡ್ವಾನ್ಸ್ ಕೊಟ್ಟು ಆರು ತಿಂಗಳ ಅವಧಿಯ ಕರಾರು ಮಾಡಿಕೊಳ್ಳುತ್ತಿದ್ದರು. ಉಳಿದ ಹಣ ಅವರಲ್ಲಿ ಇರುತ್ತಿರಲಿಲ್ಲ, ಬೇಕೂ ಇರಲಿಲ್ಲ. ಅವಧಿ ಮುಗಿಯುವುದರೊಳಗೆ ಸೆಂಟ್ಸಿಗೆ ಇಷ್ಟು ಎಂದು ಹೆಚ್ಚಿಗೆ ಹಿಡಿದು ಇನ್ನೊಬ್ಬರಿಗೆ ದಾಟಿಸುವುದು, ಅವರು ಮತ್ತೊಬ್ಬರಿಗೆ. ಜಾಗದ ಗಡಿಕಲ್ಲು ಎಲ್ಲಿದೆ ಎಂದು ನೋಡದೆ ಲಾಭ ಮಾಡಿಕೊಂಡವರನ್ನು ಕಂಡಿದ್ದೇನೆ. ಕೇರಳದ ಉದ್ದಕ್ಕೂ ಆಗ ಇದೇ ಕತೆ.

2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ಮರುವರ್ಷ ನವೆಂಬರಿನಲ್ಲಿ ದುಬೈಯ ಸರಕಾರಿ ಕಂಪನಿ ದುಬೈ ವರ್ಲ್ಡ್ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಇವೆರಡರ ನಡುವೆ ನನ್ನ ಮೇಜಿನ ಮೇಲಿನ ಕರಾರುಗಳೆಲ್ಲ ನಿಂತಲ್ಲೇ ನಿಂತವು. ಕೊನೆಗೆ ಕರಾರು ಹಿಡಿದವರ ಪಾಡು ಆಟ ಮುಗಿದ ಮೇಲೂ ವೇಷ ಕಳಚಲಾಗದೆ ರಂಗಸ್ಥಳದಲ್ಲಿ ಉಳಿದವನದ್ದಾಯಿತು. ಕೆಲವರು ಅಡ್ವಾನ್ಸ್ ಬಿಟ್ಟರು, ಕೆಲವರು ಕೋರ್ಟಿಗೆ ಹೋದರು, ಹೆಚ್ಚಿನವರು "ಎರಡು ತಿಂಗಳು ಮುಂದೆ ಹಾಕಿ" ಎಂದು ಕರಾರಿನ ಹಿಂದೆ ಬರೆಸಿಕೊಂಡು ಹೋದರು.

ಆದರೆ ಯಾರೂ ಬೆಲೆ ಇಳಿಸಲಿಲ್ಲ. ಜಾಗದ ಯಜಮಾನ ಹಾಜಿಯವರೊಬ್ಬರಲ್ಲಿ ರೇಟು ಕೇಳಿದಾಗ, "ಹೋದ ವರ್ಷ ಕೇಳಿದ್ದಕ್ಕೆ ಕೊಡಲಿಲ್ಲ, ಈಗ ಅದಕ್ಕಿಂತ ಕಮ್ಮಿಗೆ ಕೊಡ್ಲಿಕ್ಕೆ ನನಗೇನು ಹುಚ್ಚಾ?" ಎಂದರು. ಬ್ರೋಕರ್ ಬಾಯಲ್ಲಿ ರೇಟು ಹಳೆಯದೇ, ರಿಜಿಸ್ಟ್ರಾರ್ ಕಚೇರಿಯ ಜಗಲಿ ಮಾತ್ರ ಖಾಲಿ. ನಮ್ಮ ಕಡೆ ಬೆಲೆ ಬೀಳುವುದು ಹೀಗೆ: ಅಂಕಿ ಬೀಳುವುದಿಲ್ಲ, ಕೊಳ್ಳುವ ಆಳು ಸಿಗುವುದಿಲ್ಲ. ಐದು ವರ್ಷ ಬೆಲೆ ಅಲ್ಲೇ ನಿಂತರೆ, ಆ ಐದು ವರ್ಷದಲ್ಲಿ ಅಕ್ಕಿ, ಸಿಮೆಂಟು, ಚಿನ್ನ ಏರಿದಷ್ಟೂ ಆ ಜಾಗ ಅಗ್ಗವಾಯಿತು ಎಂದೇ ಲೆಕ್ಕ. ಯಜಮಾನನಿಗೆ ಅದು ನಷ್ಟ ಅನ್ನಿಸುವುದಿಲ್ಲ ಅಷ್ಟೆ. ಅಂದಿನಿಂದ ನಾನು ರೇಟು ಕೇಳುವುದನ್ನು ಬಿಟ್ಟು, ಒಂದು ಫ್ಲ್ಯಾಟು ಮಾರಾಟಕ್ಕೆಂದು ಎಷ್ಟು ತಿಂಗಳು ಕಾಯುತ್ತಿದೆ, ಕರಾರಿನ ಅವಧಿ ಎಷ್ಟು ಸಲ ಮುಂದೆ ಹೋಯಿತು ಎಂದು ಕೇಳುತ್ತೇನೆ.

ಅಮೆರಿಕದಲ್ಲಿ ಬಿದ್ದ ಹಾಗೆ ಇಲ್ಲಿ ಏಕೆ ಬೀಳಲಿಲ್ಲ? ಅಲ್ಲಿ ಮನೆ ನಿಂತದ್ದು ಸಾಲದ ಮೇಲೆ. ಕಂತು ತಪ್ಪಿದರೆ ಬ್ಯಾಂಕು ಮನೆ ಹರಾಜು ಹಾಕುತ್ತದೆ, ಹರಾಜಿನ ಬೆಲೆಯೇ ಇಡೀ ಬೀದಿಯ ಬೆಲೆಯಾಗುತ್ತದೆ. ಚೀನಾದ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ 2021ರಲ್ಲಿ ಮುಗ್ಗರಿಸಿದ್ದೂ ಸಾಲದ ಭಾರಕ್ಕೇ. ನಮ್ಮಲ್ಲಿ ಹಳೆಯ ಕಾಲದ ಗಲ್ಫಿನವರು ದುಡಿದ ಹಣದಲ್ಲಿ ಮನೆ ಕಟ್ಟಿದರು. ಅವರನ್ನು ಮಾರು ಎಂದು ಒತ್ತಾಯಿಸುವವರು ಯಾರೂ ಇಲ್ಲ. ಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಭಾವನ ಕೈಗೆ ಕೊಟ್ಟು ವಿಮಾನ ಹತ್ತುತ್ತಾರೆ. 2011ರ ಜನಗಣತಿಯಲ್ಲಿ ಕೇರಳದ ಒಂದು ಕೋಟಿ ಚಿಲ್ಲರೆ ಮನೆಗಳಲ್ಲಿ ಸುಮಾರು 12 ಲಕ್ಷ ಖಾಲಿ ಬಿದ್ದಿದ್ದವು. 2023ರ ಬಜೆಟ್ಟಿನಲ್ಲಿ ಬೀಗ ಹಾಕಿದ ಮನೆಗೆ ತೆರಿಗೆ ಎಂದಾಗ ಅನಿವಾಸಿಗಳು ಎದ್ದು ಕೂತರು, ಸರಕಾರ ಹಿಂದೆ ಸರಿಯಿತು. ಖಾಲಿ ಮನೆ ಇಷ್ಟಿರುವಾಗ ಮನೆಗೆ ಅಭಾವ ಎಂದು ಹೇಳುವ ಬಿಲ್ಡರನ್ನು ನಾನು ನಂಬುವುದಿಲ್ಲ.

ಈ ಹಳೆಯ ರಕ್ಷಣೆ ಈಗ ತೆಳುವಾಗುತ್ತಿದೆ. ಹೊಸ ಫ್ಲ್ಯಾಟಿನ ಆಧಾರಕ್ಕೆ ಬರುವ ಹುಡುಗರಲ್ಲಿ ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಇರುತ್ತದೆ, ಕೆಲವರು ಹೆಂಡತಿಯ ಚಿನ್ನ ಅಡವಿಟ್ಟು ಕೈಯಿಂದ ಕೊಡಬೇಕಾದ ಪಾಲು ತಂದಿರುತ್ತಾರೆ. ಅಂದರೆ ಒಂದೇ ಮನೆಯ ಮೇಲೆ ಎರಡು ಸಾಲ. ಕೆಲಸ ಹೋದ ತಿಂಗಳೇ ಇವರು ಮಾರಬೇಕಾಗುತ್ತದೆ, ಹಾಜಿಯವರ ಹಾಗೆ ಕಾಯಲು ಆಗುವುದಿಲ್ಲ. ನನಗೆ ಚಿಂತೆ ಇರುವುದು ಈ ಕಡೆಯಿಂದ.

ಗಲ್ಫಿನಲ್ಲಿ ತೊಂದರೆಯಾದರೆ ಇಲ್ಲಿ ಕೂಡಲೇ ಬೆಲೆ ಇಳಿಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2014ರ ನಡುವಿನಲ್ಲಿ ಬ್ಯಾರಲಿಗೆ 100 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಆರಂಭಕ್ಕೆ 30ರ ಕೆಳಗೆ ಬಂತು. ಆ ಹೊಡೆತಕ್ಕೆ 2017ರ ಜುಲೈಯಿಂದ ಸೌದಿ ಸರಕಾರ ಹೊರದೇಶದ ಕೆಲಸಗಾರರ ಜೊತೆಗಿರುವ ಪ್ರತಿ ಕುಟುಂಬ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, ವರ್ಷವರ್ಷವೂ ಅದನ್ನು ಏರಿಸಿತು. ಗಂಡಸರು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಮಕ್ಕಳ ಶಾಲೆಗೆ ಹತ್ತಿರ, ರೈಲಿಗೆ ಹತ್ತಿರ ಎಂದು ಅವರು ಉಪ್ಪಳದಲ್ಲಿ ಬಾಡಿಗೆಗೆ ಕೂತರು. ಅಲ್ಲಿನ ಕಷ್ಟ ಇಲ್ಲಿ ಮೊದಲು ಬಾಡಿಗೆಯ ಏರಿಕೆಯಾಗಿ ಬಂತು. ಅದನ್ನೇ ಏಳಿಗೆ ಎಂದು ತಿಳಿದು ಮತ್ತಷ್ಟು ಮಹಡಿ ಎಬ್ಬಿಸಿದವರಿದ್ದಾರೆ.

2020ರ ಮಾರ್ಚ್ ಇನ್ನೊಂದು ಪಾಠ ಕಲಿಸಿತು. ಕೋವಿಡ್ ಹೆಸರಿನಲ್ಲಿ ಕರ್ನಾಟಕ ರಾಜ್ಯದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಡಯಾಲಿಸಿಸಿಗೂ ಹೆರಿಗೆಗೂ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳನ್ನೇ ನಂಬಿದ್ದವರು ಗಡಿಯಲ್ಲಿ ನಿಂತರು, ಚಿಕಿತ್ಸೆ ಸಿಗದೆ ಜನ ಸತ್ತರು. ಉಪ್ಪಳದ ಜಾಗಕ್ಕೆ ಇರುವ ಬೆಲೆಯಲ್ಲಿ ದೊಡ್ಡ ಪಾಲು ಮಂಗಳೂರಿನ ಆಸ್ಪತ್ರೆ, ಕಾಲೇಜು, ವಿಮಾನ ನಿಲ್ದಾಣಕ್ಕೆ ಸೇರಿದ್ದು ಎಂಬುದು ಆ ವಾರಗಳಲ್ಲಿ ಎಲ್ಲರಿಗೂ ಕಂಡಿತು. ಗಡಿ ತೆರೆದ ಮೇಲೆ ಎಲ್ಲರೂ ಮರೆತರು.

ಈಗಿನ ಏರಿಕೆಗೆ ಹೆದ್ದಾರಿಯೂ ಕಾರಣ. ಆರು ಪಥದ 66ನೇ ರಾಷ್ಟ್ರೀಯ ಹೆದ್ದಾರಿಗೆ 45 ಮೀಟರ್ ಅಗಲ ಬೇಕಿತ್ತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನಲ್ಲಿ ಮನೆ, ಅಂಗಡಿ ಬಿಟ್ಟುಕೊಟ್ಟವರಿಗೆ 2013ರ ಭೂಸ್ವಾಧೀನ ಕಾಯಿದೆಯ ಲೆಕ್ಕದಲ್ಲಿ ಒಳ್ಳೆಯ ಪರಿಹಾರ ಸಿಕ್ಕಿತು. ಅವರೆಲ್ಲ ಒಟ್ಟಿಗೆ, ಅದೇ ಸುತ್ತಿನಲ್ಲಿ ಜಾಗ ಹುಡುಕಿದರು. ಒಳದಾರಿಯ ರೇಟು ಹಾರಿತು. ಆದರೆ ಆ ಹಣ ಒಂದೇ ಸಲ ಬರುವಂಥದು. ಮುಂದಿನ ವರ್ಷವೂ ಇಷ್ಟೇ ಏರುತ್ತದೆ ಎಂದು ಗೆರೆ ಎಳೆಯುವವರಿಗೆ ಈ ಮಾತು ಹೇಳಿ ಹೇಳಿ ಸಾಕಾಗಿದೆ.

ಖರ್ಚಿನ ಮಾತು ಬೇರೆ. ಕೇರಳದಲ್ಲಿ ಜಾಗ ಕೊಂಡರೆ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಕೊಂಡ ದಿನವೇ ಹತ್ತರಲ್ಲಿ ಒಂದು ಪಾಲು ಹೋಯಿತು, ಬ್ರೋಕರಿನ ಕಮಿಷನ್ ಬೇರೆ. 2010ರಲ್ಲಿ ಬಂದ ಜಾಗದ ಸರಕಾರಿ ನ್ಯಾಯಬೆಲೆ ಆಗಾಗ ಏರಿದೆ, 2023ರ ಏಪ್ರಿಲಿನಲ್ಲಿ ಒಮ್ಮೆಗೇ ಶೇಕಡಾ 20 ಏರಿತು. ಪೇಟೆ ಕುಸಿದರೂ ಅದು ಕುಸಿಯುವುದಿಲ್ಲ. ನೀವು ಕಮ್ಮಿಗೆ ಕೊಂಡರೂ ಶುಲ್ಕ ಅದರ ಮೇಲೆಯೇ. ವರ್ಷದೊಳಗೆ ಕೊಂಡು ಮಾರುತ್ತೇನೆ ಎನ್ನುವವರು ಮೊದಲು ಈ ಹತ್ತು ಶೇಕಡಾ ಗಳಿಸಿ ಆಮೇಲೆ ಲಾಭದ ಮಾತಾಡಬೇಕು.

ಇನ್ನು ಬಾಡಿಗೆ. 30 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 8,000 ಬಾಡಿಗೆ ಬಂತೆಂದು ಇಟ್ಟುಕೊಳ್ಳಿ. ವರ್ಷಕ್ಕೆ 96,000, ನೂರಕ್ಕೆ ಮೂರು ಚಿಲ್ಲರೆ. ಮನೆ ತೆರಿಗೆ, ರಿಪೇರಿ, ಖಾಲಿ ಬಿದ್ದ ತಿಂಗಳು ಕಳೆದರೆ ಅದೂ ಇಲ್ಲ. ಬ್ಯಾಂಕಿನ ಠೇವಣಿಗಿಂತ ಕಮ್ಮಿ ಕೊಡುವ ವಸ್ತುವನ್ನು ಜನ ಕೊಳ್ಳುತ್ತಿದ್ದಾರೆ ಎಂದರೆ ನಾಳೆ ಇನ್ನೊಬ್ಬ ಹೆಚ್ಚಿಗೆ ಕೊಡುತ್ತಾನೆ ಎಂಬ ನಂಬಿಕೆಯಲ್ಲಿ ಕೊಳ್ಳುತ್ತಿದ್ದಾರೆ ಎಂದೇ ಅರ್ಥ.

ಹಾಗಾದರೆ ಬೀಳುತ್ತದಾ? ನನ್ನ ಅಂದಾಜಿನಲ್ಲಿ ಉಪ್ಪಳದ ಜಾಗದ ರೇಟು ದಡಕ್ಕನೆ ಬೀಳುವುದಿಲ್ಲ, ಎಷ್ಟೋ ವರ್ಷ ಅಲ್ಲಾಡದೆ ನಿಲ್ಲುತ್ತದೆ. ಫ್ಲ್ಯಾಟಿನ ಮಾತು ಹಾಗಲ್ಲ. ಸಾಲದಲ್ಲಿ ಕೊಂಡ, ಹಳೆಯದಾಗುತ್ತಿರುವ ಫ್ಲ್ಯಾಟುಗಳು ನಿಜವಾಗಿಯೂ ಇಳಿಯುತ್ತವೆ, ಏಕೆಂದರೆ ಅಲ್ಲಿ ನಿಮ್ಮ ಪಾಲಿಗೆ ಬರುವ ಭೂಮಿ ಎಲ್ಲರೊಂದಿಗೆ ಹಂಚಿಕೊಂಡ ಚೂರು. ವಾಸಕ್ಕೆ ಬೇಕಾದವರು ಬಾಡಿಗೆಯ ಲೆಕ್ಕ ಹಾಕಿ ಕೊಳ್ಳಿ, ಮಾರಲಿಕ್ಕೆಂದು ಕೊಳ್ಳಬೇಡಿ. ಕೊಳ್ಳುವುದೇ ಆದರೆ 30 ವರ್ಷದ ಋಣಭಾರ ಪತ್ರ, ಹಿಂದಿನ ಆಧಾರ, ಪಂಚಾಯತ್ ಕೊಟ್ಟ ಕಟ್ಟಡ ಸಂಖ್ಯೆ, ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಕಟ್ಟಡವಾದರೆ ಕೆ-ರೇರಾ (ಕೇರಳದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಇಷ್ಟನ್ನು ಹಿಡಿದುಕೊಂಡು ಯಾರಾದರೂ ಆಧಾರ ಬರೆಯುವವರಲ್ಲಿಗೆ ಹೋಗಿ. ಅಡ್ವಾನ್ಸ್ ಕೊಟ್ಟ ಮೇಲೆ ಅಲ್ಲ, ಕೊಡುವ ಮೊದಲು.