‘ಯಾರಿಗೂ ಹೇಳಬೇಡಿ ಟೀಚರ್’: ಸ್ವಯಂ ಹಾನಿ ಮಾಡಿಕೊಳ್ಳುವ ವಿದ್ಯಾರ್ಥಿ ಮತ್ತು ಪ್ರಶಿಕ್ಷಣಾರ್ಥಿಯ ಹೊಣೆ

ಪೀಠಿಕೆ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ. ವ್ಯಾಸಂಗದಲ್ಲಿ ಪ್ರಶಿಕ್ಷಣಾರ್ಥಿ ಒಟ್ಟು 20 ವಾರ ಶಾಲೆಯಲ್ಲಿರುತ್ತಾರೆ. ಆ ಅವಧಿಗೆ ಬೇಕಾದ ಪಾಠ ಟಿಪ್ಪಣಿ, ಬೋಧನೋಪಕರಣ, ಕಪ್ಪುಹಲಗೆಯ ಬಳಕೆ, ಘಟಕ ಪರೀಕ್ಷೆ ಎಲ್ಲಕ್ಕೂ ಕಾಲೇಜಿನಲ್ಲಿ ತಯಾರಿ ನಡೆಯುತ್ತದೆ. ಪಾಠ ಮುಗಿದ ಮೇಲೆ ವರಾಂಡದಲ್ಲಿ ಮಗುವೊಂದು ಹಿಂದೆಯೇ ಬಂದು ನಿಂತು ಹೇಳುವ ಮಾತಿಗೆ ಮಾತ್ರ ತಯಾರಿ ಇರುವುದಿಲ್ಲ.

ಮಕ್ಕಳು ಇಂಥ ಮಾತನ್ನು ಕಾಯಂ ಶಿಕ್ಷಕರಿಗಿಂತ ಮೊದಲು ಪ್ರಶಿಕ್ಷಣಾರ್ಥಿಗೆ ಹೇಳುವ ಸಂಭವವಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಪ್ರಶಿಕ್ಷಣಾರ್ಥಿ ವಯಸ್ಸಿನಲ್ಲಿ ಅಕ್ಕನಂತೆ, ಅಣ್ಣನಂತೆ ಕಾಣುತ್ತಾರೆ. ಅವರಿಗೆ ಅಪ್ಪ ಅಮ್ಮನ ಪರಿಚಯವಿಲ್ಲ. ಕೆಲವು ವಾರಗಳಲ್ಲಿ ಹೊರಟುಹೋಗುವವರಾದ್ದರಿಂದ ಗುಟ್ಟೂ ಅವರೊಂದಿಗೆ ಹೋಗುತ್ತದೆ ಎಂದು ಮಗು ನಂಬಿರಬಹುದು. ಹೀಗೆ ಹೊರಡುವವರೆಂಬ ಕಾರಣಕ್ಕೆ ಸಿಗುವ ನಂಬಿಕೆಯನ್ನು ಶಾಲೆಯಲ್ಲೇ ಉಳಿಯುವ ಒಬ್ಬರಿಗೆ ದಾಟಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸ್ವಯಂ ಹಾನಿ ಎಂದರೇನು?

ಸಾಯುವ ಉದ್ದೇಶವಿಲ್ಲದೆ ತನ್ನ ದೇಹವನ್ನು ತಾನೇ ಬೇಕೆಂದು ಗಾಯಪಡಿಸಿಕೊಳ್ಳುವುದನ್ನು ಇಲ್ಲಿ ಸ್ವಯಂ ಹಾನಿ ಎಂದು ಕರೆದಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಇದನ್ನು ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಗಳ ಪಟ್ಟಿಯಲ್ಲಿ ಸೇರಿಸಿತು. ಸಾಮಾನ್ಯವಾಗಿ ಇದು ಆರಂಭವಾಗುವುದು ಹದಿಹರೆಯದ ಮೊದಲ ವರ್ಷಗಳಲ್ಲಿ, ಅಂದರೆ ನಮ್ಮ ಏಳರಿಂದ ಹತ್ತನೆಯ ತರಗತಿಯ ವಯಸ್ಸಿನಲ್ಲಿ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಹದಿಹರೆಯದವರಲ್ಲಿ ಸುಮಾರು ಶೇ. 17ರಷ್ಟು ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿದ್ದರು. ಹುಡುಗಿಯರಷ್ಟೇ ಹೀಗೆ ಮಾಡಿಕೊಳ್ಳುತ್ತಾರೆ ಎಂಬುದು ತಪ್ಪು. ಹುಡುಗರಲ್ಲಿ ಅದು ಜಗಳದ ಪೆಟ್ಟು, ಆಟದ ಪೆಟ್ಟು ಎಂದು ಮರೆಯಾಗಿಬಿಡುತ್ತದೆ.

ಸ್ವಯಂ ಹಾನಿಯೂ ಆತ್ಮಹತ್ಯಾ ಪ್ರಯತ್ನವೂ ಒಂದೇ ಅಲ್ಲ. ಹಾಗೆಂದು ನಿರ್ಲಕ್ಷಿಸುವಂತೆಯೂ ಇಲ್ಲ. ಪದೇ ಪದೇ ಸ್ವಯಂ ಹಾನಿ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು. ಇದು ಯಾವ ಬಗೆಯದೆಂದು ತೀರ್ಮಾನಿಸುವುದು ತಜ್ಞರ ಕೆಲಸ. ಶಿಕ್ಷಕರಿಗೆ ಗೊತ್ತಿರಬೇಕಾದದ್ದು ಇಷ್ಟು: ಗಾಯ ಸಣ್ಣದಿದ್ದ ಮಾತ್ರಕ್ಕೆ ಸಂಕಟವೂ ಸಣ್ಣದಲ್ಲ.

ಮಗು ಹೀಗೇಕೆ ಮಾಡಿಕೊಳ್ಳುತ್ತದೆ?

‘ಲವ್ ಫೇಲ್ಯೂರ್ ಇರಬೇಕು’, ‘ಎಲ್ಲ ನಾಟಕ, ನಾಲ್ಕು ಜನ ನೋಡಲಿ ಅಂತ’ ಎಂಬ ಮಾತುಗಳು ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಬಂದುಬಿಡುತ್ತವೆ. ಮನೋವಿಜ್ಞಾನಿಗಳಾದ ಮ್ಯಾಥ್ಯೂ ನಾಕ್ ಮತ್ತು ಮಿಚೆಲ್ ಪ್ರಿನ್‌ಸ್ಟೀನ್ 2004ರಲ್ಲಿ ಮುಂದಿಟ್ಟ ವಿವರಣೆ ಇದಕ್ಕಿಂತ ಉಪಯುಕ್ತ. ಈ ವರ್ತನೆ ಆ ಕ್ಷಣದಲ್ಲಿ ಮಗುವಿಗೆ ಏನನ್ನು ಮಾಡಿಕೊಡುತ್ತಿದೆ ಎಂದು ಅವರು ಕೇಳಿದರು. ಅವರ ವಿಂಗಡಣೆಯನ್ನು ನಮ್ಮ ಶಾಲೆಗಳ ಉದಾಹರಣೆಗಳೊಂದಿಗೆ ಹೀಗೆ ನೋಡಬಹುದು.

1. ತಾಳಲಾರದ ಭಾವನೆಯನ್ನು ತಗ್ಗಿಸಿಕೊಳ್ಳುವುದು. ತರಗತಿಯೆದುರು ಆದ ಅವಮಾನ, ಮನೆಯ ಜಗಳ, ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಇಂಥ ಭಾವನೆಯನ್ನು ಎಬ್ಬಿಸಬಹುದು. ಹೆಚ್ಚಿನ ಮಕ್ಕಳು ಹೇಳುವ ಕಾರಣ ಇದೇ.

2. ಮನಸ್ಸು ಮರಗಟ್ಟಿದಾಗ ಏನನ್ನಾದರೂ ಅನುಭವಿಸಬೇಕು ಎನ್ನಿಸುವುದು, ಅಥವಾ ‘ತಪ್ಪೆಲ್ಲ ನನ್ನದೇ’ ಎಂದು ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವುದು.

3. ಎದುರಿಸಲಾಗದ ಸನ್ನಿವೇಶದಿಂದ ತಪ್ಪಿಸಿಕೊಳ್ಳುವುದು. ವಸತಿ ಶಾಲೆಯ ಕೊಠಡಿಯಲ್ಲಿ ಸಹಪಾಠಿಗಳ ಕಾಟ ಇದಕ್ಕೊಂದು ಉದಾಹರಣೆ.

4. ಬಾಯಿಬಿಟ್ಟು ಕೇಳಲಾಗದ ನೆರವನ್ನು ಪಡೆಯುವುದು.

ನಾಲ್ಕನೆಯದನ್ನೇ ನಾವು ‘ಗಮನ ಸೆಳೆಯುವ ನಾಟಕ’ ಎನ್ನುತ್ತೇವೆ. ನೆರವು ಕೇಳಲು ಬೇರೆ ದಾರಿ ಕಾಣದ ಮಗುವಿಗೆ ಗಮನವೇ ಬೇಕಾಗಿದೆ ಎಂದಾದರೆ, ಗಮನ ಕೊಡುವುದರಲ್ಲಿ ತಪ್ಪೇನು? ಅಲ್ಲದೆ ಬಹುಪಾಲು ಮಕ್ಕಳು ಗಾಯವನ್ನು ತೋರಿಸುವುದಿಲ್ಲ, ಬಚ್ಚಿಡುತ್ತಾರೆ. ಸೆಕೆಯಲ್ಲೂ ತೋಳು ಮುಚ್ಚುವ ಸ್ವೆಟರ್, ದೈಹಿಕ ಶಿಕ್ಷಣದ ಅವಧಿಗೆ ಪ್ರತಿವಾರ ಒಂದು ನೆಪ, ಕಾರಣ ಹೊಂದದ ಗಾಯಗಳು, ಗೆಳೆಯರಿಂದ ದೂರವಾಗುವುದು, ‘ನಾನಿದ್ದು ಏನು ಪ್ರಯೋಜನ’ ಎಂಬ ಧಾಟಿಯ ಬರಹ ಗಮನಿಸಬೇಕಾದ ಸೂಚನೆಗಳು. ಒಂದೇ ಸೂಚನೆಯಿಂದ ತೀರ್ಮಾನಕ್ಕೆ ಬರಬಾರದು, ವಿಚಾರಿಸಬೇಕು.

ಈ ವರ್ತನೆಯಿಂದ ಸಿಗುವ ಸಮಾಧಾನ ಕ್ಷಣಿಕ. ಅದರ ಹಿಂದೆಯೇ ನಾಚಿಕೆ, ಅಪರಾಧಿ ಭಾವ ಬರುತ್ತವೆ. ಅವೇ ಮತ್ತೆ ತಾಳಲಾರದ ಭಾವನೆಗಳಾಗುತ್ತವೆ. ಆದ್ದರಿಂದ ಬೈಗುಳ ಈ ಸುತ್ತನ್ನು ಕಡಿಯುವುದಿಲ್ಲ, ಇನ್ನೊಂದು ಸುತ್ತಿಗೆ ದಾರಿ ಮಾಡುತ್ತದೆ.

ಮೊದಲ ಸಂಭಾಷಣೆ

ಅಭ್ಯಾಸಕ್ಕೆಂದು ಒಂದು ಕಲ್ಪಿತ ಸನ್ನಿವೇಶ ತೆಗೆದುಕೊಳ್ಳೋಣ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ ಊಟದ ಬಿಡುವಿನಲ್ಲಿ ಬಂದು, ‘ಟೀಚರ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ’ ಎನ್ನುತ್ತಾಳೆ. ‘ಇಲ್ಲಮ್ಮ, ಯಾರಿಗೂ ಹೇಳಲ್ಲ, ಆಣೆ’ ಎಂದುಬಿಡುವುದು ಸಹಜ. ಮುಂದಿನ ಎಲ್ಲ ತೊಡಕಿಗೂ ಆ ಆಣೆಯೇ ಮೂಲ. ಮಾತು ಉಳಿಸಿಕೊಂಡರೆ ಮಗು ಅಪಾಯದಲ್ಲಿ ಉಳಿಯುತ್ತದೆ, ಮುರಿದರೆ ದೊಡ್ಡವರ ಮೇಲಿನ ನಂಬಿಕೆ ಹೋಗುತ್ತದೆ. ಬದಲಿಗೆ ಹೀಗೆ ಹೇಳಬಹುದು:

‘ನನ್ನ ಹತ್ತಿರ ಹೇಳಬೇಕು ಅನ್ನಿಸಿತಲ್ಲ, ಒಳ್ಳೆಯದಾಯ್ತು. ತರಗತಿಯಲ್ಲಿ, ಗೆಳತಿಯರ ಹತ್ತಿರ ಇದು ಹೋಗುವುದಿಲ್ಲ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲ ಒಬ್ಬರಿಗೆ ಹೇಳಲೇಬೇಕಾಗುತ್ತದೆ. ಯಾರಿಗೆ, ಹೇಗೆ ಅಂತ ನಿನಗೆ ಮೊದಲೇ ತಿಳಿಸುತ್ತೇನೆ.’

ಅವಳು ವಿಷಯ ಹೇಳಿದಾಗ ಗಾಬರಿ, ಅಸಹ್ಯ, ಕಣ್ಣೀರು ಇವುಗಳಲ್ಲಿ ಯಾವುದೂ ನಮ್ಮ ಮುಖದಲ್ಲಿ ಕಾಣದಿರುವುದು ಒಳ್ಳೆಯದು. ‘ತೋರಿಸು’ ಎನ್ನಬಾರದು. ಹೇಗೆ ಮಾಡಿಕೊಂಡೆ ಎಂಬ ವಿವರ ನಮಗೆ ಬೇಕಿಲ್ಲ. ಈಗ ನೋವಿದೆಯೇ, ಗಾಯಕ್ಕೆ ಔಷಧೋಪಚಾರ ಬೇಕೇ ಎಂದು ಮಾತ್ರ ಕೇಳಬೇಕು. ‘ಅಪ್ಪ ಅಮ್ಮ ನಿನಗಾಗಿ ಎಷ್ಟು ಕಷ್ಟಪಡ್ತಾರೆ, ಯೋಚಿಸಿದ್ದೀಯಾ?’ ಎಂಬ ಉಪದೇಶವೂ ಬೇಡ. ಆ ಯೋಚನೆಯ ಭಾರ ಅವಳ ಮೇಲೆ ಈಗಾಗಲೇ ಇರಬಹುದು. ‘ಇನ್ನು ಮೇಲೆ ಮಾಡಲ್ಲ ಅಂತ ಭಾಷೆ ಕೊಡು’ ಎಂದು ಒತ್ತಾಯಿಸಿದರೆ, ಮತ್ತೊಮ್ಮೆ ಹಾಗಾದಾಗ ಅವಳು ಹೇಳುವುದಿಲ್ಲ, ಮುಚ್ಚಿಡುತ್ತಾಳೆ.

ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಸಾಯಬೇಕು ಅನ್ನುವ ಯೋಚನೆ ಬರುತ್ತದೆಯೇ?’ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಿಗಿದೆ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪ್ರಶ್ನೆ ಕೇಳಲಾದ ವಿದ್ಯಾರ್ಥಿಗಳ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಿರಲಿಲ್ಲ. ಉತ್ತರ ‘ಹೌದು’ ಎಂದಾದರೆ ಮಗುವನ್ನು ಒಂಟಿಯಾಗಿ ಬಿಡಬಾರದು. ಅದೇ ಗಳಿಗೆಯಲ್ಲಿ ಮುಖ್ಯ ಶಿಕ್ಷಕರನ್ನು ಕರೆಸಬೇಕು.

ಸೂಕ್ಷ್ಮ ಬೋಧನೆಯ ಮೂಲಕ ಅಭ್ಯಾಸ

ಇಂಥ ಮಾತು ಓದಿದ ಮಾತ್ರಕ್ಕೆ ಬಾಯಿಗೆ ಬರುವುದಿಲ್ಲ. ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲಗಳಂತೆ ಇದನ್ನೂ ಒಂದು ಕೌಶಲವೆಂದು ಅಭ್ಯಾಸ ಮಾಡಬಹುದು. ನಮಗೆ ಪರಿಚಿತವಾದ 36 ನಿಮಿಷಗಳ ಆವರ್ತನವೇ ಸಾಕು: ಬೋಧನೆಯ ಜಾಗದಲ್ಲಿ 6 ನಿಮಿಷ ಸಂಭಾಷಣೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಸಂಭಾಷಣೆ, 6 ನಿಮಿಷ ಮರುಹಿಮ್ಮಾಹಿತಿ. ವೀಕ್ಷಕರು ಗುರುತಿಸಬೇಕಾದ ಘಟಕಗಳು ಐದು:

1. ಮುಖಭಾವ ಮತ್ತು ಧ್ವನಿ ಶಾಂತವಾಗಿದ್ದವೇ?

2. ಮಗು ಹೇಳಿ ಮುಗಿಸುವವರೆಗೆ ಉಪದೇಶವಿಲ್ಲದೆ ಕೇಳಿಸಿಕೊಂಡರೇ?

3. ಗುಟ್ಟಿನ ಮಿತಿಯನ್ನು ಆರಂಭದಲ್ಲೇ ಹೇಳಿದರೇ?

4. ಸುರಕ್ಷತೆಯ ಪ್ರಶ್ನೆಯನ್ನು ನೇರವಾಗಿ ಕೇಳಿದರೇ?

5. ಮುಂದೆ ಯಾರು, ಯಾವಾಗ, ಏನು ಮಾಡುತ್ತಾರೆಂದು ಮಗುವಿಗೆ ತಿಳಿಯಿತೇ?

ವಿದ್ಯಾರ್ಥಿಯ ಪಾತ್ರ ವಹಿಸುವವರು ಗಾಯವನ್ನು ಅಭಿನಯಿಸಬಾರದು, ವಿಧಾನವನ್ನು ವಿವರಿಸಬಾರದು. ಪ್ರಶಿಕ್ಷಣಾರ್ಥಿಗಳಲ್ಲೇ ಕೆಲವರು ಇದನ್ನು ಸ್ವತಃ ದಾಟಿ ಬಂದಿರಬಹುದು. ಆದ್ದರಿಂದ ಕಾರಣ ಹೇಳದೆ ಈ ಅಭ್ಯಾಸದಿಂದ ಹೊರಗುಳಿಯುವ ಅವಕಾಶವನ್ನು ಉಪನ್ಯಾಸಕರು ಮೊದಲೇ ಕೊಡಬೇಕು. ಅಗತ್ಯವಿದ್ದವರು ಅನಂತರ ಖಾಸಗಿಯಾಗಿ ಬಂದು ಮಾತನಾಡಬಹುದೆಂದೂ ತಿಳಿಸಬೇಕು.

ಇಡೀ ತರಗತಿಗೆ ಯಾವ ಪಾಠ?

ಒಂದು ಪ್ರಕರಣ ತಿಳಿದೊಡನೆ ಸ್ವಯಂ ಹಾನಿಯ ಬಗ್ಗೆಯೇ ತರಗತಿಗೆ ಪಾಠ ಮಾಡಲು, ಪ್ರಾರ್ಥನಾ ಸಭೆಯಲ್ಲಿ ಎಚ್ಚರಿಕೆ ಕೊಡಲು, ಎಲ್ಲರ ಕೈ ತಪಾಸಣೆ ಮಾಡಲು ಮುಂದಾಗುವುದುಂಟು. ಇವು ಮೂರೂ ಬೇಡ. ಈ ವರ್ತನೆ ಹದಿಹರೆಯದವರಲ್ಲಿ ಒಬ್ಬರನ್ನು ನೋಡಿ ಒಬ್ಬರಿಗೆ ಹರಡಬಲ್ಲದು. ತಪಾಸಣೆಯಿಂದ ಆ ಮಗು ಯಾರೆಂಬುದು ಅರ್ಧ ಗಂಟೆಯಲ್ಲಿ ಶಾಲೆಗೆಲ್ಲ ತಿಳಿದುಹೋಗುತ್ತದೆ.

ತರಗತಿಗೆ ಕಲಿಸಬೇಕಾದದ್ದು ಭಾವನೆಗೆ ಹೆಸರಿಡುವುದನ್ನು. ನಮ್ಮ ಮಕ್ಕಳು ಎಲ್ಲಕ್ಕೂ ‘ಬೇಜಾರು’ ಅಥವಾ ‘ಟೆನ್ಷನ್’ ಎನ್ನುತ್ತಾರೆ. ಕನ್ನಡ ಭಾಷಾ ಪಾಠದ 40 ನಿಮಿಷದ ಒಂದು ಅವಧಿಯನ್ನು ಹೀಗೆ ಯೋಜಿಸಬಹುದು.

ಪೀಠಿಕೆ, 5 ನಿಮಿಷ: ‘ಬೇಜಾರು’ ಎಂದು ಹಲಗೆಯ ಮೇಲೆ ಬರೆದು, ಯಾವ ಯಾವ ಸಂದರ್ಭದಲ್ಲಿ ಈ ಮಾತು ಹೇಳುತ್ತೇವೆಂದು ಕೇಳುವುದು.

ಬೆಳವಣಿಗೆ, 20 ನಿಮಿಷ: ಸಂಕಟ, ಅವಮಾನ, ಕಳವಳ, ಒಂಟಿತನ, ಹತಾಶೆ, ಸಿಟ್ಟು, ನಾಚಿಕೆ, ದುಗುಡ ಪದಗಳನ್ನು ಗುಂಪುಗಳಿಗೆ ಹಂಚುವುದು. ಕಥೆಯೊಂದರ ಪಾತ್ರಕ್ಕೆ ಯಾವ ಪದ ಹೊಂದುತ್ತದೆ, ಏಕೆ ಎಂದು ಗುಂಪು ಚರ್ಚಿಸುವುದು. ಸ್ವಂತ ಅನುಭವ ಹೇಳಬೇಕೆಂಬ ಒತ್ತಾಯವಿಲ್ಲ.

ಅನ್ವಯ, 10 ನಿಮಿಷ: ಆ ಪಾತ್ರ ಯಾರ ಬಳಿ ಹೋಗಬಹುದಿತ್ತು, ಮೊದಲ ವಾಕ್ಯ ಏನಿರಬಹುದಿತ್ತು ಎಂದು ಬರೆಯುವುದು.

ಮುಕ್ತಾಯ, 5 ನಿಮಿಷ: ‘ಗೆಳತಿ ಅಪಾಯದಲ್ಲಿದ್ದಾಳೆ ಎನ್ನಿಸಿದರೆ ದೊಡ್ಡವರಿಗೆ ಹೇಳುವುದು ಚಾಡಿಯಲ್ಲ’ ಎಂಬ ಮಾತು ಮತ್ತು ಸಹಾಯವಾಣಿಯ ಸಂಖ್ಯೆಗಳು.

ದಾಟಿಸುವ ದಾರಿ

ಪ್ರಶಿಕ್ಷಣಾರ್ಥಿ ಚಿಕಿತ್ಸಕರಲ್ಲ. ವಿಷಯ ತಿಳಿದ ದಿನವೇ ಅದನ್ನು ಮಾರ್ಗದರ್ಶಿ ಶಿಕ್ಷಕರ ಮೂಲಕ ಮುಖ್ಯ ಶಿಕ್ಷಕರಿಗೂ ಕಾಲೇಜಿನ ಮೇಲ್ವಿಚಾರಕ ಉಪನ್ಯಾಸಕರಿಗೂ ತಿಳಿಸಬೇಕು. ದಿನಚರಿಯಲ್ಲಿ, ಪ್ರಕರಣ ಅಧ್ಯಯನದಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರಾಗಲಿ ಗುರುತಾಗಲಿ ಬರಬಾರದು. ಪ್ರಕರಣ ಅಧ್ಯಯನ ಒಪ್ಪಿಸಬೇಕಿದ್ದರೆ ಬೇರೆ ವಿಷಯ ಆರಿಸಿಕೊಳ್ಳುವುದು ಲೇಸು.

ಪೋಷಕರಿಗೆ ತಿಳಿಸುವುದು ಸಾಮಾನ್ಯವಾಗಿ ಅಗತ್ಯ. ಅದನ್ನು ಮಾಡಬೇಕಾದವರು ಶಾಲೆಯವರು. ಏನು ಹೇಳುತ್ತಾರೆಂದು ಮಗುವಿಗೆ ಮೊದಲೇ ತಿಳಿದಿರಬೇಕು. ‘ನಿಮ್ಮ ಮಗಳು ಹೀಗೆ ಮಾಡಿಕೊಂಡಿದ್ದಾಳೆ’ ಎಂದು ದೂರಿನಂತೆ ಹೇಳಿದರೆ ಮನೆಯಲ್ಲಿ ಏಟು ಬೀಳಬಹುದು. ‘ಅವಳಿಗೆ ತುಂಬ ಸಂಕಟವಿದೆ, ನಾವೆಲ್ಲ ಸೇರಿ ನೋಡಿಕೊಳ್ಳೋಣ’ ಎಂದರೆ ಪೋಷಕರೂ ಜೊತೆಗೂಡುತ್ತಾರೆ. ಮನೆಯೇ ಅಪಾಯದ ತಾಣ ಎಂದು ತಿಳಿದುಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನೆರವು ಬೇಕು. ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅದು ನಮ್ಮ ಆಯ್ಕೆಗೆ ಬಿಟ್ಟದ್ದಲ್ಲ.

ತಜ್ಞರ ನೆರವಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ದೇಶಕ್ಕೆಲ್ಲ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಶಿಕ್ಷಕರೂ ಸಲಹೆಗಾಗಿ ಕರೆ ಮಾಡಬಹುದು. ತುರ್ತು ಸ್ಥಿತಿಯಲ್ಲಿ 108 ಅಥವಾ 112. ಮಾತಿನ ಮೂಲಕ ನಡೆಯುವ ಚಿಕಿತ್ಸೆಗಳಿಂದ ಈ ವರ್ತನೆ ತಗ್ಗುತ್ತದೆ. ಬಹಳಷ್ಟು ಮಕ್ಕಳು ಇದರಿಂದ ಹೊರಬರುತ್ತಾರೆ. ಮಗುವಿಗೂ ಮನೆಯವರಿಗೂ ಇದನ್ನು ಹೇಳಬೇಕು.

ಉಪಸಂಹಾರ

ಬೋಧನಾಭ್ಯಾಸದ ಕೊನೆಯ ವಾರ ಬೀಳ್ಕೊಡುಗೆ, ಫೋಟೊ, ಆಟೋಗ್ರಾಫ್‌ಗಳ ವಾರ. ಗುಟ್ಟು ಹಂಚಿಕೊಂಡ ಮಗುವಿಗೆ ಅದೇ ಕಷ್ಟದ ವಾರವೂ ಹೌದು. ಸಮಾಧಾನಕ್ಕೆಂದು ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟು ಬರುವುದರಿಂದ ಪ್ರಶಿಕ್ಷಣಾರ್ಥಿಗೆ ಹೊರಲಾರದ ಹೊರೆಯಾಗುತ್ತದೆ, ಮಗು ಶಾಲೆಯ ಒಳಗೆ ನೆರವು ಹುಡುಕುವುದು ತಪ್ಪುತ್ತದೆ. ಕನಿಷ್ಠ ಎರಡು ವಾರ ಮೊದಲೇ ಹೊರಡುವ ದಿನ ತಿಳಿಸಬೇಕು. ಮಗು ಒಪ್ಪುವ ಒಬ್ಬ ಶಿಕ್ಷಕರನ್ನು ಗುರುತಿಸಿ, ಮೂವರೂ ಒಟ್ಟಿಗೆ ಕುಳಿತು ಒಮ್ಮೆಯಾದರೂ ಮಾತನಾಡಬೇಕು. ‘ಇನ್ನು ಮೇಲೆ ಬೇಸರವಾದರೆ ಈ ಮೇಡಂ ಹತ್ತಿರ ಬಾ, ಅವರಿಗೆ ಎಲ್ಲ ಗೊತ್ತು, ಅವರು ಬೈಯುವುದಿಲ್ಲ’ ಎಂಬ ಮಾತು ಆ ಮೇಡಂ ಎದುರಿಗೇ ಆಡಿದ್ದಾಗಿರಬೇಕು. ಮೇಲ್ವಿಚಾರಕರು ಇಂಟರ್ನ್‌ಶಿಪ್ ಮುಕ್ತಾಯದ ಪರಿಶೀಲನಾ ಪಟ್ಟಿಯಲ್ಲಿ ಪಾಠ ಟಿಪ್ಪಣಿ, ಹಾಜರಿ, ದಿನಚರಿಗಳ ಜೊತೆಗೆ ಇದನ್ನೂ ಒಂದು ಅಂಶವಾಗಿ ಸೇರಿಸಿಕೊಳ್ಳಬೇಕು: ಪ್ರಶಿಕ್ಷಣಾರ್ಥಿಯ ನೆರವು ನೆಚ್ಚಿಕೊಂಡಿದ್ದ ಮಗು ಯಾರ ಕೈ ಸೇರಿದೆ?